ಲಿನಕ್ಸ್ ಪ್ರಶ್ನೋತ್ತರ: ಅಳಿಸಿದ ಫೈಲ್ ಡಿಸ್ಕಿನಲ್ಲೇ ಕೂತಿದೆ

ಕಮಾಂಡ್‌ಗಳನ್ನು ಓದಲು ಸುಲಭವಾಗಲೆಂದು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ. ಅಡ್ಡಗೆರೆ ಒಂದೋ ಎರಡೋ, ನಡುವೆ ಖಾಲಿ ಜಾಗ ಇದೆಯೋ ಇಲ್ಲವೋ ಎಂಬುದನ್ನು ಅಚ್ಚಾದ ಹಾಗೆಯೇ ಪಾಲಿಸಿ.

ಪ್ರಶ್ನೆ: ನಮ್ಮ ಸಹಕಾರ ಸಂಘದ ವೆಬ್‌ಸೈಟು 25 ಜಿಬಿ ಡಿಸ್ಕಿನ ಬಾಡಿಗೆ ಸರ್ವರಿನಲ್ಲಿದೆ. ಉಬುಂಟು, ವೆಬ್ ಸರ್ವರ್ ಪ್ರೋಗ್ರಾಂ ಎಂಜಿನ್‌ಎಕ್ಸ್, ಡೇಟಾಬೇಸ್ ಮೈಎಸ್‌ಕ್ಯೂಎಲ್ ಇವೆ. ಡಿಸ್ಕ್ ನೂರಕ್ಕೆ ನೂರು ತುಂಬಿದೆ ಎಂದು ಬಂತು. 8 ಜಿಬಿಯ ಲಾಗ್ ಫೈಲೊಂದನ್ನು ಅಳಿಸಿದೆ, ಒಂದು ಎಂಬಿ ಜಾಗವೂ ಬರಲಿಲ್ಲ. ‘ಡಿಯು’ ಲೆಕ್ಕದಲ್ಲಿ 15 ಜಿಬಿ, ‘ಡಿಎಫ್’ ಲೆಕ್ಕದಲ್ಲಿ 23 ಜಿಬಿ ಬಳಕೆಯಾಗಿದೆ. ಯಾವುದನ್ನು ನಂಬಲಿ?
ಓದುಗರು, ದಾವಣಗೆರೆ

ಉತ್ತರ: ಎರಡೂ ನಿಜವನ್ನೇ ಹೇಳುತ್ತಿವೆ. ‘ಡಿಯು’ ಹೆಸರಿರುವ ಫೈಲುಗಳನ್ನು ಒಂದೊಂದಾಗಿ ಕೂಡುತ್ತದೆ. ‘ಡಿಎಫ್’ ಡಿಸ್ಕಿನಲ್ಲಿ ಎಷ್ಟು ಬ್ಲಾಕು ಖರ್ಚಾಗಿದೆ ಎಂದು ಫೈಲ್‌ಸಿಸ್ಟಮನ್ನೇ ಕೇಳುತ್ತದೆ. ನೀವು ‘ಆರ್‌ಎಂ’ ಕೊಟ್ಟಾಗ ಹೋದದ್ದು ಫೈಲಿನ ಹೆಸರು ಮಾತ್ರ. ಎಂಜಿನ್‌ಎಕ್ಸ್ ಅದನ್ನು ತೆರೆದಿಟ್ಟುಕೊಂಡು ಇನ್ನೂ ಬರೆಯುತ್ತಲೇ ಇದೆ. ಹಿಡಿದವರು ಕೈಬಿಡುವ ತನಕ ಲಿನಕ್ಸ್‌ನ ತಿರುಳಾದ ಕರ್ನಲ್ ಆ ಜಾಗವನ್ನು ಬಿಡುಗಡೆ ಮಾಡುವುದಿಲ್ಲ. ವ್ಯತ್ಯಾಸ 8 ಜಿಬಿಯೇ ಬಂದಿರುವುದೂ ಇದನ್ನೇ ಹೇಳುತ್ತದೆ.

ಹಿಡಿದಿರುವವರು ಯಾರೆಂದು ನೋಡಲು ‘ಸುಡೊ ಎಲ್‌ಎಸ್‌ಒಎಫ್ +ಎಲ್1’ ಕೊಡಿ. ಪ್ಲಸ್ ಆದ ಮೇಲಿನ ಎಲ್ ದೊಡ್ಡಕ್ಷರ, ನಂತರದ್ದು ಅಂಕಿ ಒಂದು. ಹೆಸರು ಅಳಿದರೂ ತೆರೆದೇ ಇರುವ ಫೈಲುಗಳ ಪಟ್ಟಿ ಬರುತ್ತದೆ, ಸಾಲಿನ ಕೊನೆಯಲ್ಲಿ ‘ಡಿಲೀಟೆಡ್’ ಎಂದಿರುತ್ತದೆ. ಎಂಜಿನ್‌ಎಕ್ಸ್ ಕಂಡರೆ ‘ಸುಡೊ ಎಂಜಿನ್‌ಎಕ್ಸ್ -ಎಸ್ ರೀಓಪನ್’ ಸಾಕು, ಸೈಟು ಒಂದು ಕ್ಷಣವೂ ನಿಲ್ಲದೆ ಲಾಗ್ ಹೊಸದಾಗಿ ತೆರೆದುಕೊಳ್ಳುತ್ತದೆ. ಬೇರೆ ಪ್ರೋಗ್ರಾಂ ಆಗಿದ್ದು ರೀಸ್ಟಾರ್ಟ್ ಮಾಡುವ ಹಾಗಿಲ್ಲದಿದ್ದರೆ, ಅದೇ ಪಟ್ಟಿಯಲ್ಲಿ ಪಿಐಡಿ (ಓಡುತ್ತಿರುವ ಪ್ರೋಗ್ರಾಂನ ಸಂಖ್ಯೆ) ಮತ್ತು ಎಫ್‌ಡಿ (ಅದು ತೆರೆದ ಫೈಲಿನ ಸಂಖ್ಯೆ) ಅಂಕಣ ನೋಡಿ. ಪಿಐಡಿ 1320, ಎಫ್‌ಡಿ ‘4ಡಬ್ಲ್ಯು’ ಎಂದಿದ್ದರೆ, ರೂಟ್ ಆಗಿ ‘ಟ್ರಂಕೇಟ್ -ಎಸ್ 0 /ಪ್ರೊಕ್/1320/ಎಫ್‌ಡಿ/4’ ಕೊಡಿ. ಜಾಗ ತಕ್ಷಣ ವಾಪಸು. ಆದರೆ ಆ ಸಾಲು ಲಾಗ್ ಫೈಲಿನದ್ದೇ ಎಂದು ಎರಡು ಸಲ ಓದಿ ಖಚಿತ ಮಾಡಿಕೊಳ್ಳಿ. ಡೇಟಾಬೇಸಿನ ತಾತ್ಕಾಲಿಕ ಫೈಲುಗಳೂ ಇದೇ ಪಟ್ಟಿಯಲ್ಲಿ ಬರುತ್ತವೆ. ಅವನ್ನು ಮುಟ್ಟಬಾರದು.

ಓಡುತ್ತಿರುವ ಲಾಗನ್ನು ಇನ್ನು ಮುಂದೆ ಅಳಿಸಬೇಡಿ, ಬರಿದು ಮಾಡಿ: ‘ಸುಡೊ ಟ್ರಂಕೇಟ್ -ಎಸ್ 0’ ಎಂದು ಬರೆದು ಮುಂದೆ ಫೈಲಿನ ದಾರಿ ಕೊಡಿ. ಇದರಲ್ಲೂ ಒಂದು ಸೂಕ್ಷ್ಮವಿದೆ. ಕೆಲವು ಪ್ರೋಗ್ರಾಂಗಳು ಫೈಲಿನ ಕೊನೆಗೆ ಸೇರಿಸುತ್ತಾ ಹೋಗುವುದಿಲ್ಲ, ತಾವು ನಿಂತಿದ್ದ ಸ್ಥಾನ ನೆನಪಿಟ್ಟುಕೊಂಡು ಅಲ್ಲಿಂದಲೇ ಬರೆಯುತ್ತವೆ. ಅಂಥ ಫೈಲನ್ನು ಬರಿದು ಮಾಡಿದ ಮರುಗಳಿಗೆ ‘ಎಲ್‌ಎಸ್ -ಎಲ್’ ಮತ್ತೆ 8 ಜಿಬಿ ತೋರಿಸುತ್ತದೆ. ಗಾಬರಿ ಬೇಡ, ನಡುವಿನದ್ದೆಲ್ಲ ಪೊಳ್ಳು. ‘ಡಿಯು -ಎಚ್’ ಕೊಟ್ಟರೆ ನಿಜವಾದ ಗಾತ್ರ ಕೆಲವೇ ಕೆಬಿ ಎಂದು ಕಾಣುತ್ತದೆ.

ಇಷ್ಟರ ಮೇಲೂ ಸರ್ವರು ತುಂಬುತ್ತಿದ್ದರೆ ಈ ಕ್ರಮದಲ್ಲಿ ಹುಡುಕಿ. ಮೊದಲು ‘ಸುಡೊ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್’. ಎಕ್ಸ್ ಇದ್ದರೆ ಬೇರೆ ಡಿಸ್ಕುಗಳನ್ನು ಬಿಟ್ಟು ಇದೊಂದನ್ನೇ ಅಳೆಯುತ್ತದೆ. ಕೊನೆಯ ಸಾಲಿನಲ್ಲಿ ಇರುವುದು ಒಟ್ಟು ಲೆಕ್ಕ, ಅದರ ಮೇಲಿನ ಸಾಲೇ ದೊಡ್ಡ ಫೋಲ್ಡರು. ಅದರೊಳಗೆ ಇಳಿದು ಇದನ್ನೇ ಮತ್ತೆ ಮಾಡಿ. ಸಾಮಾನ್ಯವಾಗಿ ದಾರಿ ‘/ವರ್’ ಕಡೆಗೇ ಹೋಗುತ್ತದೆ. ಸಿಸ್ಟಮ್ ಜರ್ನಲ್ ಎಷ್ಟು ತಿಂದಿದೆ ಎಂದು ‘ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್’ ಹೇಳುತ್ತದೆ. ಅದಕ್ಕೆ ಫೈಲ್‌ಸಿಸ್ಟಮ್‌ನ ಹತ್ತನೇ ಒಂದು ಭಾಗದವರೆಗೆ, ಹೆಚ್ಚೆಂದರೆ 4 ಜಿಬಿಗೆ, ಬೆಳೆಯಲು ಅನುಮತಿ ಇರುತ್ತದೆ. 25 ಜಿಬಿ ಡಿಸ್ಕಿನಲ್ಲಿ ಎರಡೂವರೆ ಜಿಬಿ ಅಂದರೆ ಸಣ್ಣದಲ್ಲ. ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’ ಕೊಟ್ಟರೆ ಹಳೆಯದು ಹೋಗುತ್ತದೆ; ಎಂ ದೊಡ್ಡಕ್ಷರ.

ಮೈಎಸ್‌ಕ್ಯೂಎಲ್ ಫೋಲ್ಡರಿನಲ್ಲಿ ಡೇಟಾಬೇಸಿನ ಬದಲಾವಣೆಗಳನ್ನು ದಾಖಲಿಸುವ, ‘ಬಿನ್‌ಲಾಗ್’ ಎಂದು ಶುರುವಾಗುವ ಫೈಲುಗಳು ಸಾಲಾಗಿ ನಿಂತಿರುತ್ತವೆ. 8ನೇ ಆವೃತ್ತಿಯಿಂದ ಇವು ತಾವಾಗಿಯೇ ಶುರುವಾಗಿ 30 ದಿನ ಉಳಿಯುತ್ತವೆ. ಇವನ್ನು ಮಾತ್ರ ‘ಆರ್‌ಎಂ’ನಿಂದ ತೆಗೆಯಬೇಡಿ, ಡೇಟಾಬೇಸಿನ ಸೂಚಿಗೂ ಡಿಸ್ಕಿಗೂ ತಾಳ ತಪ್ಪುತ್ತದೆ. ಮೈಎಸ್‌ಕ್ಯೂಎಲ್ ಒಳಗೆ ಹೋಗಿ ‘ಪರ್ಜ್ ಬೈನರಿ ಲಾಗ್ಸ್ ಬಿಫೋರ್ ನೌ() - ಇಂಟರ್ವಲ್ 3 ಡೇ;’ ಕೊಡಿ. ಶಾಶ್ವತ ಪರಿಹಾರಕ್ಕೆ ಸೆಟ್ಟಿಂಗ್ ಫೈಲಿನಲ್ಲಿ ‘ಬಿನ್‌ಲಾಗ್_ಎಕ್ಸ್‌ಪೈರ್_ಲಾಗ್ಸ್_ಸೆಕೆಂಡ್ಸ್’ ಬೆಲೆಯನ್ನು 259200 ಮಾಡಿ. ಅದು ಮೂರು ದಿನದ ಸೆಕೆಂಡುಗಳ ಲೆಕ್ಕ. ಇನ್ನೊಂದು ಸರ್ವರಿಗೆ ರೆಪ್ಲಿಕೇಶನ್ (ಡೇಟಾಬೇಸಿನ ನಿರಂತರ ನಕಲು) ನಡೆಯುತ್ತಿದ್ದರೆ ಅದು ಎಲ್ಲಿವರೆಗೆ ಓದಿದೆ ಎಂದು ನೋಡಿಕೊಂಡೇ ಈ ಕೆಲಸ ಮಾಡಬೇಕು.

ಜಾಗ ಇದ್ದೂ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎನ್ನುವ ಸಂದರ್ಭವೂ ಇದೆ. ‘ಡಿಎಫ್ -ಐ’ ಕೊಟ್ಟು ಐನೋಡ್ ನೋಡಿ; ಪ್ರತಿ ಫೈಲಿಗೂ ಒಂದು ಬೇಕಾಗುವ ದಾಖಲೆ ಅದು. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ 16 ಕೆಬಿಗೆ ಒಂದರಂತೆ ಐನೋಡುಗಳನ್ನು ಫಾರ್ಮ್ಯಾಟ್ ಮಾಡುವಾಗಲೇ ಎಣಿಸಿ ಇಟ್ಟಿರುತ್ತದೆ. 25 ಜಿಬಿಗೆ ಸುಮಾರು 16 ಲಕ್ಷ, ಅದೇ ಗಾತ್ರದಲ್ಲಿ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಪಿಎಚ್‌ಪಿ ಸೆಶನ್ ಫೈಲುಗಳು, ಹೋಗದೆ ಕೂತ ಮೇಲ್‌ಗಳು ಗಾತ್ರದಲ್ಲಿ ಚಿಕ್ಕವು, ಲೆಕ್ಕದಲ್ಲಿ ಲಕ್ಷಗಟ್ಟಲೆ. ‘ಸುಡೊ ಡಿಯು --ಐನೋಡ್ಸ್ -ಎಕ್ಸ್ / | ಸಾರ್ಟ್ -ಎನ್ | ಟೇಲ್’ ಅವು ಎಲ್ಲಿ ಗುಡ್ಡೆಯಾಗಿವೆ ಎಂದು ತೋರಿಸುತ್ತದೆ.

ಪ್ರಶ್ನೆ: ಬ್ಯಾಕಪ್‌ಗಾಗಿ ಯುಎಸ್‌ಬಿ ಹಾರ್ಡ್‌ಡಿಸ್ಕನ್ನು ‘/ಬ್ಯಾಕಪ್’ಗೆ ಮೌಂಟ್ ಆಗುವಂತೆ ಎಫ್‌ಸ್ಟ್ಯಾಬ್‌ಗೆ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಗೆ) ಸೇರಿಸಿದ್ದೆ. ಡಿಸ್ಕ್ ಕಳಚಿ ಒಯ್ದ ದಿನ ಸರ್ವರು ಬೂಟ್ ಆಗಲೇ ಇಲ್ಲ. ಒಂದೂವರೆ ನಿಮಿಷ ಕಾದು ‘ಎಮರ್ಜೆನ್ಸಿ ಮೋಡ್’ ಎಂದು ನಿಂತಿತು.
ಓದುಗರು, ಉಡುಪಿ

ಉತ್ತರ: ಎಫ್‌ಸ್ಟ್ಯಾಬ್‌ನಲ್ಲಿ ಬರೆದ ಡಿಸ್ಕು ಇಲ್ಲದೆ ಬೂಟ್ ಮುಗಿಯಬಾರದು ಎಂಬುದೇ ಬೂಟ್ ನಡೆಸುವ ಸಿಸ್ಟಮ್‌ಡಿಯ ನಿಯಮ. 90 ಸೆಕೆಂಡು ಕಾಯುತ್ತದೆ, ಆಮೇಲೆ ಕೈಚೆಲ್ಲುತ್ತದೆ. ರೀಇನ್‌ಸ್ಟಾಲ್ ಯೋಚನೆ ಖಂಡಿತ ಬೇಡ, ಐದು ನಿಮಿಷದ ಕೆಲಸ ಇದು. ಎಮರ್ಜೆನ್ಸಿ ಪ್ರಾಂಪ್ಟಿನಲ್ಲಿ ‘ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯು /’ ಕೊಟ್ಟು, ‘ನ್ಯಾನೊ /ಇಟಿಸಿ/ಎಫ್‌ಸ್ಟ್ಯಾಬ್’ ತೆರೆದು, ಆ ಸಾಲಿನ ಮೊದಲಿಗೆ # ಹಾಕಿ ರೀಬೂಟ್ ಮಾಡಿ. ರೂಟ್ ಪಾಸ್‌ವರ್ಡ್ ಇಟ್ಟಿರದ ಡೆಬಿಯನ್‌ನಲ್ಲಿ ‘ರೂಟ್ ಖಾತೆಗೆ ಬೀಗ ಬಿದ್ದಿದೆ’ ಎಂಬರ್ಥದ ಸಾಲು ಬಂದು ಪ್ರಾಂಪ್ಟೇ ಸಿಗದಿರಬಹುದು. ಆಗ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ರೂಟ್ ಪಾರ್ಟಿಶನ್ ಮೌಂಟ್ ಮಾಡಿ, ಅದೇ ಫೈಲನ್ನು ಅಲ್ಲಿಂದ ತಿದ್ದಬೇಕು.

ನಂತರ ಸಾಲನ್ನು ಸರಿಯಾಗಿ ಬರೆಯಿರಿ. ‘/ಡೆವ್/ಎಸ್‌ಡಿಬಿ1’ ಎಂದು ಬರೆಯದೆ ‘ಬಿಎಲ್‌ಕೆಐಡಿ’ ತೋರಿಸುವ ಯುಯುಐಡಿ (ಪಾರ್ಟಿಶನ್ನಿನ ಸ್ಥಿರ ಗುರುತು) ಬಳಸಿ. ಯುಎಸ್‌ಬಿ ಕಿಂಡಿ ಬದಲಾದರೆ ಎಸ್‌ಡಿಬಿ ಎಸ್‌ಡಿಸಿ ಆಗಬಹುದು. ಆಯ್ಕೆಗಳ ಜಾಗದಲ್ಲಿ ‘ಡಿಫಾಲ್ಟ್ಸ್,ನೋಫೇಲ್,ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=10ಎಸ್’ ಇರಲಿ. ನೋಫೇಲ್ ಇದ್ದರೆ ಡಿಸ್ಕು ಇಲ್ಲದೆಯೂ ಬೂಟ್ ಮುಗಿಯುತ್ತದೆ. ರೀಬೂಟ್‌ಗೆ ಮುಂಚೆ ‘ಸುಡೊ ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಟ್ಟರೆ ಕಾಗುಣಿತದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ನೋಫೇಲ್‌ನಿಂದ ಒಂದು ಹೊಸ ಅಪಾಯ ಹುಟ್ಟುತ್ತದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಡಿಸ್ಕು ಇಲ್ಲದಿದ್ದರೂ ‘/ಬ್ಯಾಕಪ್’ ಎಂಬ ಖಾಲಿ ಫೋಲ್ಡರು ಇದ್ದೇ ಇರುತ್ತದೆ. ಬ್ಯಾಕಪ್ ಸ್ಕ್ರಿಪ್ಟು ಅದರೊಳಗೆ, ಅಂದರೆ ಮೂಲ ಡಿಸ್ಕಿಗೇ, ಬರೆಯುತ್ತಾ ಹೋಗುತ್ತದೆ. ಮರುದಿನ ಡಿಸ್ಕ್ ಜೋಡಿಸಿದಾಗ ಆ ಫೈಲುಗಳು ಅದರಡಿ ಮುಚ್ಚಿಹೋಗುತ್ತವೆ, ‘ಡಿಯು’ಗೂ ಕಾಣುವುದಿಲ್ಲ. ದಾವಣಗೆರೆಯ ಓದುಗರು ಹೇಳಿದ ವ್ಯತ್ಯಾಸಕ್ಕೆ ಇದೂ ಒಂದು ಕಾರಣವಾಗಬಹುದು. ‘ಸುಡೊ ಮೌಂಟ್ --ಬೈಂಡ್ / /ಎಂಎನ್‌ಟಿ’ ಮಾಡಿ ‘/ಎಂಎನ್‌ಟಿ/ಬ್ಯಾಕಪ್’ ಒಳಗೆ ಇಣುಕಿದರೆ ಗೊತ್ತಾಗುತ್ತದೆ. ತಡೆಯಲು, ಡಿಸ್ಕು ಕಳಚಿರುವಾಗ ಒಮ್ಮೆ ‘ಸುಡೊ ಸಿಎಚ್‌ಆಟ್ರ್ +ಐ /ಬ್ಯಾಕಪ್’ ಕೊಡಿ. ಆ ಖಾಲಿ ಫೋಲ್ಡರಿಗೆ ರೂಟ್ ಕೂಡ ಬರೆಯಲಾಗದು. ಡಿಸ್ಕು ಮೌಂಟ್ ಆದಾಗ ಎಂದಿನಂತೆ ಬರೆಯಬಹುದು.

ಪ್ರಶ್ನೆ: ಕಾಲೇಜು ಗ್ರಂಥಾಲಯದಲ್ಲಿ ಡೆಬಿಯನ್ ಮೇಲೆ ಗ್ರಂಥಾಲಯ ತಂತ್ರಾಂಶ ಕೊಹಾ ಇದೆ. ರಾತ್ರಿ 2ಕ್ಕೆ ಡೇಟಾಬೇಸ್ ಬ್ಯಾಕಪ್ ಆಗಲೆಂದು ಕ್ರಾನ್‌ಟ್ಯಾಬ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿಯಲ್ಲಿ) ಮೈಎಸ್‌ಕ್ಯೂಎಲ್‌ಡಂಪ್ ಸಾಲು ಬರೆದಿದ್ದೇನೆ. ಫೈಲಿನ ಹೆಸರಿಗೆ ದಿನಾಂಕ ಸೇರಲೆಂದು ‘$(ಡೇಟ್ +%ಎಫ್)’ ಹಾಕಿದ್ದೇನೆ. ಕೈಯಾರೆ ಓಡಿಸಿದರೆ ಆಗುತ್ತದೆ, ಕ್ರಾನ್‌ನಲ್ಲಿ ಆಗುವುದಿಲ್ಲ.
ಗ್ರಂಥಪಾಲಕರು, ಶಿವಮೊಗ್ಗ

ಉತ್ತರ: ತೊಂದರೆ ಇರುವುದು ಶೇಕಡಾ ಚಿಹ್ನೆಯಲ್ಲಿ. ಕ್ರಾನ್‌ಟ್ಯಾಬ್ ಸಾಲಿನಲ್ಲಿ % ಬಂದರೆ ಕ್ರಾನ್ ಅಲ್ಲಿಗೆ ಕಮಾಂಡ್ ಮುಗಿಯಿತು ಎಂದುಕೊಳ್ಳುತ್ತದೆ. ಉಳಿದದ್ದನ್ನು ಆ ಕಮಾಂಡಿಗೆ ಉಣಿಸುವ ಇನ್‌ಪುಟ್ ಎಂದು ಭಾವಿಸುತ್ತದೆ. ಆವರಣ ತೆರೆದು ಮುಚ್ಚಲೇ ಇಲ್ಲ ಎಂದು ಶೆಲ್ ದೂರಿ ನಿಲ್ಲುತ್ತದೆ. ಚಿಹ್ನೆಯ ಹಿಂದೆ ಒಂದು ಹಿಮ್ಮುಖ ಓರೆಗೆರೆ ಸೇರಿಸಿ ‘\%ಎಫ್’ ಎಂದು ಬರೆದರೆ ಸರಿಹೋಗುತ್ತದೆ; ಎಫ್ ದೊಡ್ಡಕ್ಷರ. ಇನ್ನೂ ಒಳ್ಳೆಯದು, ಇಡೀ ಕೆಲಸವನ್ನು ಒಂದು ಸ್ಕ್ರಿಪ್ಟಿನಲ್ಲಿ ಬರೆದು ಕ್ರಾನ್‌ಟ್ಯಾಬ್‌ನಲ್ಲಿ ಅದರ ಪೂರ್ಣ ದಾರಿಯನ್ನಷ್ಟೇ ಕೊಡುವುದು. ಸ್ಕ್ರಿಪ್ಟಿನೊಳಗೆ ಈ ನಿಯಮವಿಲ್ಲ. ಕ್ರಾನ್‌ಗೆ ನಿಮ್ಮ ಲಾಗಿನ್‌ನ ಪಾತ್ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿ) ಸಿಗುವುದಿಲ್ಲ, ಸಾಮಾನ್ಯವಾಗಿ ‘/ಯುಎಸ್‌ಆರ್/ಬಿನ್’ ಮತ್ತು ‘/ಬಿನ್’ ಮಾತ್ರ. ಕೈಯಲ್ಲಿ ಓಡಿ ಕ್ರಾನ್‌ನಲ್ಲಿ ಓಡದಿರಲು ಇದೂ ಕಾರಣವಾಗುತ್ತದೆ.

ಡಂಪನ್ನು ಕುಗ್ಗಿಸಲು ಜಿಜಿಪ್‌ಗೆ ಪೈಪ್ ಮಾಡುವುದಾದರೆ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದು ನಮೂದಿಸಿ, ಮುಂದಿನ ಸಾಲಿಗೆ ‘ಸೆಟ್ -ಒ ಪೈಪ್‌ಫೇಲ್’ ಹಾಕಿ. ಇಲ್ಲದಿದ್ದರೆ ಡಂಪ್ ಅರ್ಧಕ್ಕೆ ಸತ್ತರೂ ಜಿಜಿಪ್ ತನ್ನ ಕೆಲಸ ಸುಸೂತ್ರವಾಯಿತು ಎನ್ನುತ್ತದೆ, ಕೊನೆಗೆ ಅದರ ಮಾತೇ ನಿಲ್ಲುತ್ತದೆ. ಹಿಂದಿನ ಉತ್ತರದ ಹಾಗೆ ಹೊರಗಿನ ಡಿಸ್ಕಿಗೆ ಬರೆಯುವವರು ‘ಮೌಂಟ್‌ಪಾಯಿಂಟ್ -ಕ್ಯೂ /ಬ್ಯಾಕಪ್ || ಎಕ್ಸಿಟ್ 1’ ಎಂಬ ಸಾಲನ್ನೂ ಸೇರಿಸಿ, ಡಿಸ್ಕು ಮೌಂಟ್ ಆಗಿಲ್ಲದಿದ್ದರೆ ಸ್ಕ್ರಿಪ್ಟು ಅಲ್ಲೇ ನಿಲ್ಲುತ್ತದೆ.

ಆದರೆ ನಿಮಗೆ ಎರಡು ಪ್ರಶ್ನೆ ಕೇಳಬೇಕಾಗಿದೆ. ಒಂದು, ರಾತ್ರಿ 2ಕ್ಕೆ ಆ ಯಂತ್ರ ಆನ್ ಇರುತ್ತದೆಯೇ? ಗ್ರಂಥಾಲಯಕ್ಕೆ ಬೀಗ ಹಾಕುವಾಗ ಮೇನ್ ಸ್ವಿಚ್ಚನ್ನೂ ಆರಿಸುವ ಪದ್ಧತಿ ಇದ್ದರೆ ಕ್ರಾನ್ ಸಾಲು ಎಷ್ಟು ಶುದ್ಧವಾಗಿದ್ದೂ ಫಲವಿಲ್ಲ. ತಪ್ಪಿದ ಹೊತ್ತನ್ನು ಕ್ರಾನ್ ಮತ್ತೆ ಹಿಡಿಯುವುದಿಲ್ಲ. ಮಧ್ಯಾಹ್ನ ಒಂದೂವರೆಗೆ, ಊಟದ ಬಿಡುವಿನಲ್ಲಿ ಇಡಿ. ಅಥವಾ ಸಿಸ್ಟಮ್‌ಡಿ ಟೈಮರ್ ಮಾಡಿ ‘ಪರ್ಸಿಸ್ಟೆಂಟ್=ಟ್ರೂ’ ಹಾಕಿ (ಮೊದಲ ಪಿ ದೊಡ್ಡಕ್ಷರ), ಯಂತ್ರ ಆನ್ ಆದ ಕೂಡಲೇ ತಪ್ಪಿದ ಸರದಿ ನಡೆಯುತ್ತದೆ. ಎರಡು, ಕೊಹಾವನ್ನು ಡೆಬಿಯನ್ ಪ್ಯಾಕೇಜಿನಿಂದ ಹಾಕಿದ್ದೀರಾ? ಹಾಗಿದ್ದರೆ ಅದು ತಾನೇ ದಿನಕ್ಕೊಮ್ಮೆ ಬ್ಯಾಕಪ್ ತೆಗೆದು ‘/ವರ್/ಸ್ಪೂಲ್/ಕೊಹಾ’ ಅಡಿಯಲ್ಲಿ ಇಡುತ್ತದೆ: ಡೇಟಾಬೇಸಿಗೆ ಒಂದು ಫೈಲು, ಸೆಟ್ಟಿಂಗುಗಳಿಗೆ ಇನ್ನೊಂದು. ‘ಕೊಹಾ-ರಿಸ್ಟೋರ್’ ಕೇಳುವುದು ಈ ಜೋಡಿಯನ್ನೇ. ಆದರೆ ಅಲ್ಲಿ ಉಳಿಯುವುದು ಕೊನೆಯ ಎರಡು ದಿನದ್ದು ಮಾತ್ರ, ಅದೂ ಅದೇ ಡಿಸ್ಕಿನಲ್ಲಿ. ಹಾಗಾಗಿ ನಿಮ್ಮ ಶ್ರಮ ಹೊಸ ಡಂಪಿಗೆ ಬೇಡ, ಆ ಜೋಡಿಯನ್ನು ಬೇರೆ ಯಂತ್ರಕ್ಕೆ ನಕಲು ಮಾಡುವುದಕ್ಕೆ ಹೋಗಲಿ. ತಿಂಗಳಿಗೊಮ್ಮೆ ಯಾವುದಾದರೂ ಹಳೆಯ ಪಿಸಿಯಲ್ಲಿ ರಿಸ್ಟೋರ್ ಮಾಡಿ, ಒಂದು ಪುಸ್ತಕದ ದಾಖಲೆ ತೆರೆದು ನೋಡಿ.

ಪ್ರಶ್ನೆ: ಉಬುಂಟುವಿನಲ್ಲಿ ನುಡಿ ವಿನ್ಯಾಸದಲ್ಲೇ ಟೈಪ್ ಮಾಡಲು ಬರುತ್ತದೆಯೇ? ಹಳೆಯ ನುಡಿ ಕಡತಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.
ಶಿಕ್ಷಕಿ, ಧಾರವಾಡ

ಉತ್ತರ: ಖಂಡಿತ ಬರುತ್ತದೆ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಐಬಸ್-ಎಂ17ಎನ್ ಫಾಂಟ್ಸ್-ಕೆಎನ್‌ಡಿಎ’ ಕೊಡಿ. ಎರಡನೆಯದರಿಂದ ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಬರುತ್ತವೆ. ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಇದನ್ನು ಬಿಟ್ಟು ಪಟ್ಟಿಯಲ್ಲಿ ಕನ್ನಡವೇ ಇಲ್ಲ ಎನ್ನುವವರು ಬಹಳ. ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್‌ನಲ್ಲಿ ಕನ್ನಡ ಹುಡುಕಿ ‘ಕೆಜಿಪಿ, ಎಂ17ಎನ್’ ಎಂದಿರುವುದನ್ನು ಸೇರಿಸಿ. ಅದೇ ಪಟ್ಟಿಯಲ್ಲಿ ‘ಕಗಪ, ಫೊನೆಟಿಕ್’ ಎಂಬ ಇನ್ನೊಂದಿದೆ. ಹೆಸರು ಹತ್ತಿರವಾದರೂ ನಡತೆ ಬೇರೆ. ಅದರಲ್ಲಿ ಕೀಲಿಗೆ ಕಟ್ಟಿದ ಅಕ್ಷರ ಕಟ್ಟಿದ್ದೇ, ಹಿಂದೆ ವ್ಯಂಜನ ಇದೆಯೇ ಎಂದು ನೋಡಿ ಸ್ವರವನ್ನು ಗುಣಿತವಾಗಿ ತಿರುಗಿಸುವ ಬುದ್ಧಿ ಅದಕ್ಕಿಲ್ಲ. ನುಡಿಯಲ್ಲಿ ಪಳಗಿದ ಬೆರಳಿಗೆ ಎಂ17ಎನ್ ಹೊಂದುತ್ತದೆ. ಎಫ್ ಒತ್ತಿದರೆ ಅರ್ಧಾಕ್ಷರ, ಅದೇ ಹಳೆಯ ರೂಢಿ.

‘ಫೈಲ್‌ನಲ್ಲಿ’ ಎಂದು ಬರೆಯಹೋದರೆ ‘ಫೈಲ್ನಲ್ಲಿ’ ಎಂದು ಒತ್ತಕ್ಷರ ಅಂಟಿಕೊಳ್ಳುತ್ತದೆಯಲ್ಲ, ಅಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, 200ಸಿ ಎಂದು ಟೈಪಿಸಿ ಎಂಟರ್ ಕೊಟ್ಟರೆ ಬರುತ್ತದೆ. ಹುಡುಕುವಾಗ ಒಂದು ಪದ ಸಿಗದಿದ್ದರೆ ಇದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದೇ ಕಾರಣವಿರಬಹುದು.

ಹಳೆಯ ಕಡತಗಳ ಮಾತು ಬೇರೆ. ಅವು ಯೂನಿಕೋಡ್ ಅಲ್ಲ. ‘ಕ’ ಎಂಬ ಅಕ್ಷರ ಅಲ್ಲಿ ಇಂಗ್ಲಿಷಿನ ದೊಡ್ಡ ಪಿ ಮತ್ತು ತಲೆಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ, ಈ ಎರಡರ ಜೋಡಣೆ. ನುಡಿ ಫಾಂಟು ಆ ಎರಡು ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಚಿತ್ರಿಸಿ ತೋರಿಸುತ್ತಿತ್ತು, ಅಷ್ಟೆ. ಆ ಫಾಂಟನ್ನೇ ಹಾಕಿದರೆ ಓದಬಹುದು, ಆದರೆ ಹುಡುಕಲು, ಅಕಾರಾದಿ ಜೋಡಿಸಲು ಬರುವುದಿಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ. ಪರಿವರ್ತಕ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ‘ಕರ್ನಾಟಕ’ ಎಂಬ ಒಂದೇ ಪದ ಸಾಕು. ಹಳೆಯ ಕಡತದಲ್ಲಿ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಸ್ಥಾನ ಬದಲಿಸಲು ತಿಳಿಯದ ಪರಿವರ್ತಕ ‘ಕನಾರ್ಟಕ’ ಎಂದು ಬರೆಯುತ್ತದೆ. ಸರ್ಕಾರಿ ಜಾಹೀರಾತುಗಳಲ್ಲೂ ಕಾಣಸಿಗುವ ಆ ಪದ ಹುಟ್ಟುವುದು ಹೀಗೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಿ ಕೆಡುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕು. ಮೂಲ ಕಡತವನ್ನು ಅಳಿಸದೆ ಪಕ್ಕದಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುತ್ತದೆ. ಡಿ ಡ್ರೈವಿಗೆ ಲಿನಕ್ಸ್‌ನಿಂದ ಏನೂ ಬರೆಯಲಾಗುವುದಿಲ್ಲ.
ವಿದ್ಯಾರ್ಥಿ, ಕಲಬುರಗಿ

ಉತ್ತರ: ಐದೂವರೆ ಗಂಟೆ ಎಂಬುದರಲ್ಲೇ ಉತ್ತರವಿದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಲಿನಕ್ಸ್‌ನಲ್ಲಿ ‘ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಡಿ. ಹೀಗೆ ಇಡುವುದು ಸರಿಯಲ್ಲ ಎಂಬ ಎಚ್ಚರಿಕೆ ಕಾಣಬಹುದು. ಬೇಸಿಗೆಯಲ್ಲಿ ಗಡಿಯಾರ ತಿರುಗಿಸುವ ದೇಶಗಳಿಗೆ ಅದು ನಿಜವಾದ ತೊಂದರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಧೈರ್ಯವಾಗಿ ಇಟ್ಟುಕೊಳ್ಳಿ. ವ್ಯತ್ಯಾಸ ಗಂಟೆಗಳದ್ದಲ್ಲ, ವರ್ಷಗಳದ್ದು ಎಂದಾದರೆ ಮಾತ್ರ ಬೋರ್ಡಿನ ಸೆಲ್ ಮುಗಿದಿದೆ.

ಡಿ ಡ್ರೈವಿಗೆ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಎಂದರೂ ಅದು ಅರ್ಧ ನಿದ್ದೆಯಲ್ಲಿರುತ್ತದೆ, ಡ್ರೈವನ್ನು ಬಿಟ್ಟುಕೊಟ್ಟಿರುವುದಿಲ್ಲ. ವಿಂಡೋಸ್‌ನಲ್ಲಿ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟು ಪೂರ್ತಿ ಶಟ್‌ಡೌನ್ ಮಾಡಿ. ಲಿನಕ್ಸ್ ಕಡೆಯಿಂದ ಬಲವಂತವಾಗಿ ಮೌಂಟ್ ಮಾಡಿದರೆ ವಿಂಡೋಸ್ ಎದ್ದಾಗ ತನ್ನ ಹಳೆಯ ನೆನಪಿನ ಮೇಲೆ ಬರೆದು ನಿಮ್ಮ ಹೊಸ ಫೈಲನ್ನು ಕೆಡಿಸಬಹುದು.

ಪ್ರಶ್ನೆ: ‘ಲಾಕ್-ಫ್ರಂಟೆಂಡ್ ಸಿಗುತ್ತಿಲ್ಲ’ ಎಂದು ಪ್ಯಾಕೇಜು ಹಾಕುವ ಆಪ್ಟ್ ನಿಲ್ಲುತ್ತದೆ. ಲಾಕ್ ಫೈಲ್ ಅಳಿಸಬಹುದೇ?
ಓದುಗರು, ಹಾಸನ

ಉತ್ತರ: ಬೇಡ. ಬೀಗ ಇರುವುದು ಆ ಫೈಲಿನ ಮೇಲೆ ಕರ್ನಲ್ ಹಾಕಿದ ಹಿಡಿತದಲ್ಲಿ. ಫೈಲ್ ಅಳಿಸಿದರೆ ಇಬ್ಬರು ಒಟ್ಟಿಗೆ ಒಳನುಗ್ಗಿ ಪ್ಯಾಕೇಜುಗಳ ಪಟ್ಟಿಯನ್ನೇ ಹಾಳುಗೆಡವಬಹುದು. ಯಾವ ಪ್ರಕ್ರಿಯೆ ಹಿಡಿದಿದೆ ಎಂದು ಸಂದೇಶದಲ್ಲೇ ಸಂಖ್ಯೆಯೊಂದಿಗೆ ಇರುತ್ತದೆ. ‘ಅನ್‌ಅಟೆಂಡೆಡ್-ಅಪ್‌ಗ್ರ್’ ಎಂದಿದ್ದರೆ ಭದ್ರತಾ ಅಪ್‌ಡೇಟ್ ನಡೆಯುತ್ತಿದೆ, ಕಾಯಿರಿ. ನಡುವೆ ಕರೆಂಟು ಹೋಗಿ ನಿಂತಿದ್ದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ನಂತರ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’.

ಪ್ರಶ್ನೆ: ಡಿಟಿಪಿ ಅಂಗಡಿಯಲ್ಲಿ ಎಚ್‌ಪಿ ಲೇಸರ್‌ಜೆಟ್ 1020 ಇದೆ. ಉಬುಂಟು ಅಪ್‌ಗ್ರೇಡ್ ಆದ ಮೇಲೆ ಪ್ರಿಂಟ್ ಕೊಟ್ಟರೆ ಕೆಲಸ ಮುಗಿದಂತೆ ತೋರಿಸುತ್ತದೆ, ಕಾಗದ ಬರುವುದಿಲ್ಲ.
ಓದುಗರು, ಹುಬ್ಬಳ್ಳಿ

ಉತ್ತರ: ಈ ಪ್ರಿಂಟರಿಗೆ ತನ್ನದೇ ಫರ್ಮ್‌ವೇರ್ ಉಳಿಸಿಕೊಳ್ಳುವ ಜಾಗವಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರೇ ಅದನ್ನು ಯುಎಸ್‌ಬಿ ಮೂಲಕ ತುಂಬಬೇಕು. ಆ ಫರ್ಮ್‌ವೇರ್ ಇರುವುದು ಎಚ್‌ಪ್ಲಿಪ್ ಎಂಬ ಎಚ್‌ಪಿ ಪ್ರಿಂಟರ್ ಡ್ರೈವರಿನ ಪ್ಲಗಿನ್‌ನಲ್ಲಿ, ಮತ್ತು ಪ್ಲಗಿನ್‌ನ ಆವೃತ್ತಿ ಎಚ್‌ಪ್ಲಿಪ್‌ನ ಆವೃತ್ತಿಗೆ ಸರಿಯಾಗಿ ಹೊಂದಬೇಕು. ಅಪ್‌ಗ್ರೇಡ್‌ನಲ್ಲಿ ಎಚ್‌ಪ್ಲಿಪ್ ಹೊಸದಾಯಿತು, ಪ್ಲಗಿನ್ ಹಳೆಯದೇ ಉಳಿಯಿತು. ಇಂಟರ್ನೆಟ್ ಇರುವಾಗ ‘ಎಚ್‌ಪಿ-ಪ್ಲಗಿನ್ -ಐ’ ಓಡಿಸಿ, ಷರತ್ತು ಒಪ್ಪಿ, ಹೊಸದನ್ನು ಹಾಕಿ. ಪ್ರಿಂಟರನ್ನು ಆಫ್ ಮಾಡಿ, ಹತ್ತು ಸೆಕೆಂಡು ಬಿಟ್ಟು ಆನ್ ಮಾಡಿ. ಫರ್ಮ್‌ವೇರ್ ಇಳಿದ ಕೂಡಲೇ ಒಳಗಿನ ಮೋಟರು ಗುಯ್ಗುಟ್ಟುತ್ತದೆ. ಆ ಸದ್ದು ಬಂದ ಮೇಲೆ ‘ಎಲ್‌ಪಿಸ್ಟ್ಯಾಟ್ -ಪಿ’ ಕೊಟ್ಟು, ಪ್ರಿಂಟರು ‘ಡಿಸೇಬಲ್ಡ್’ ಎಂದಿದ್ದರೆ ‘ಸುಡೊ ಕಪ್ಸ್‌ಎನೇಬಲ್’ ಬರೆದು ಮುಂದೆ ಅದರ ಹೆಸರು ಕೊಡಿ. ಗಿರಾಕಿಗಳ ಹಳೆಯ ಕೆಲಸಗಳು ಸಾಲಿನಲ್ಲಿ ಉಳಿದಿದ್ದರೆ ಮೊದಲು ‘ಕ್ಯಾನ್ಸಲ್ -ಎ’ ಕೊಟ್ಟು ತೆರವು ಮಾಡಿಕೊಳ್ಳಿ, ಇಲ್ಲವಾದರೆ ಎಲ್ಲವೂ ಒಟ್ಟಿಗೆ ಹೊರಬಂದು ಟ್ರೇ ಖಾಲಿಯಾಗುತ್ತದೆ.